ಟೈಪಿಸ್ಟಮ್ಮ ಕೂಡಿಸಿದ ಉಂಗುರ

ಪ್ರಯೋಗಾಲಯಕ್ಕೆ ಟೈಪಿಸ್ಟ್ ಆಗಿ ಸೇರಿದ್ದ ಆಕೆ ನಲವತ್ತಮೂರನೇ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ಟೈಪಿಂಗ್ ಯಂತ್ರ ಮೂಲೆ ಸೇರಿತು. ಟೈಪಿಸ್ಟಮ್ಮ ಎಂಬ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಆ ವರ್ಷ ಅವರ ಪಾಲಿಗೆ ಬಂದದ್ದು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಿಸಿನೀರಿನ ಚರಂಡಿಯಲ್ಲಿ ಆರಾಮಾಗಿ ಸಂಸಾರ ಹೂಡಿದ್ದ ಒಂದು ಬ್ಯಾಕ್ಟೀರಿಯಾ. ಅದರ ಡಿಎನ್‌ಎಯನ್ನು ಯಂತ್ರ ಒಂದೇ ಏಟಿಗೆ ಓದುವುದಿಲ್ಲ. ಲಕ್ಷಾಂತರ ಚೂರುಗಳಾಗಿ ಓದಿ ಸುರಿಯುತ್ತದೆ. ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವುದನ್ನು ಹುಡುಕಿ ಜೋಡಿಸುವುದು ಟೈಪಿಸ್ಟಮ್ಮನ ಪ್ರೋಗ್ರಾಂ ಕೆಲಸ. ಅದು ನಲವತ್ತೊಂದು ತುಂಡುಗಳಿಗೆ ತಂದು ನಿಲ್ಲಿಸಿ ಮೊಂಡು ಹಿಡಿದಿತ್ತು. ಡಿಎನ್‌ಎಯ ಕೆಲವು ಅಕ್ಷರಸಾಲುಗಳು ಏಳೆಂಟು ಕಡೆ ಒಂದೇ ಥರ ಅಚ್ಚೊತ್ತಿದಂತೆ ಬರುತ್ತಿದ್ದವು. ಅಲ್ಲಿಂದ ಮುಂದೆ ಯಾವ ಕಡೆ ಹೊರಳಬೇಕೆಂದು ಅದಕ್ಕೆ ತಿಳಿಯದು.

ಮೂರು ತಿಂಗಳು ತಲೆ ಕೆಡಿಸಿಕೊಂಡ ಮೇಲೆ, ತಪ್ಪುಗಳೇ ಜಾಸ್ತಿಯೆಂದು ಎಲ್ಲರೂ ಬದಿಗಿಟ್ಟಿದ್ದ, ಆ ಸಾಲುಗಳ ಆಚೆಗೂ ಚಾಚುವಷ್ಟು ಉದ್ದನೆಯ ಚೂರುಗಳು ನೆನಪಾದವು. ಅಕ್ಷರಕ್ಕೆ ಅವನ್ನು ನಂಬುವುದು ಬೇಡ, ದಾರಿ ಕೇಳುವುದಕ್ಕೆ ಸಾಕಲ್ಲ ಎಂದುಕೊಂಡು ಪ್ರೋಗ್ರಾಂ ತಿದ್ದಿದರು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಮೇಲೆ ಬಂತು: ತುಂಡುಗಳು, ಒಂದು. ಅದರ ಕೊನೆ ಸುತ್ತಿ ಬಂದು ತನ್ನದೇ ಮೊದಲಿಗೆ ಕೂಡಿಕೊಂಡಿತ್ತು. ಆ ಜೀವಿಯ ಡಿಎನ್‌ಎ ಇರುವುದೇ ಉಂಗುರದ ಹಾಗೆ.

ಟೈಪಿಸ್ಟಮ್ಮ ಎದ್ದರು, ಕೂತರು, ಮತ್ತೆ ಎದ್ದರು. ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಇಳಿದು, ಕಾಲಲ್ಲಿ ಒಂದೇ ಚಪ್ಪಲಿ ಇರುವುದೂ ಗೊತ್ತಾಗದೆ ರಸ್ತೆ ದಾಟಿ, ಗಂಡನ ಕ್ಷೌರದಂಗಡಿಗೆ ನುಗ್ಗಿದರು.

"ರೀ, ಒಂದಾಯ್ತು ಕಣ್ರೀ."

ಗಿರಾಕಿಯ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬಂದಿದ್ದ ಗಂಡ ಕತ್ತಿ ಹಿಂದಕ್ಕೆ ತೆಗೆದರು. "ನಲವತ್ತೊಂದೂ?"

"ನಲವತ್ತೊಂದೂ."

ಕತ್ತಿ ಕೆಳಗಿಟ್ಟು, ಹೆಂಡತಿಯ ಎರಡೂ ಕೈ ಹಿಡಿದು ಗರಗರನೆ ತಿರುಗಿಸಿದರು. ಪೌಡರ್ ಡಬ್ಬಿ ಉರುಳಿ ಮೂವರೂ ಬೆಳ್ಳಗಾದರು.

"ಏನು ಒಂದಾಯ್ತು, ಜಮೀನಾ?" ಎಂದು ಗಿರಾಕಿ ನೊರೆಯೊಳಗಿನಿಂದಲೇ ಕೇಳಿದ.

"ಚರಂಡಿ ಹುಳ" ಎಂದರು ಗಂಡ, ಎದೆಯುಬ್ಬಿಸಿ.

"ಓ" ಎಂದ ಗಿರಾಕಿ. ಸ್ವಲ್ಪ ಯೋಚಿಸಿ, "ನಂಗೇನೂ ಅರ್ಥ ಆಗ್ಲಿಲ್ಲ. ಆದ್ರೂ ಖುಷಿ ಆಗ್ತಿದೆ ನೋಡಿ" ಎಂದ.

ಆಗ ಗಂಡನಿಗೆ ಹೊಳೆಯಿತು. "ಅಲ್ಲ ಕಣೇ, ಸರಿಯಾಗಿದೆಯಾ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಬಂದಷ್ಟೇ ಜೋರಾಗಿ ವಾಪಸ್ ಓಡಿದರು. ಮಧ್ಯಾಹ್ನವಿಡೀ ಮೂಲ ಚೂರುಗಳನ್ನೆಲ್ಲ ಉಂಗುರದ ಮೇಲೆ ಮತ್ತೆ ಹಾಸಿ ನೋಡಿದರು. ಎಲ್ಲೂ ತೂತಿಲ್ಲ, ಎಲ್ಲೂ ಜಗಳವಿಲ್ಲ. ನಾಲ್ಕು ಗಂಟೆಗೆ ಮುಖ್ಯಸ್ಥರು ಬಂದು, ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ, "ಸರಿಯಾಗೇ ಇದೆಯಲ್ಲಮ್ಮ" ಎಂದರು. ಅಷ್ಟು ಕೇಳಿದ್ದೇ ಟೈಪಿಸ್ಟಮ್ಮನಿಗೆ ನಗು ಶುರುವಾಗಿ, ತಡೆಯಲಾಗದೆ ಬಿಕ್ಕಳಿಕೆ ಹತ್ತಿತು.

"ನಾಳೆ ರಜೆ ತಗೊಳ್ಳಿ."

"ಬೇಡ ಸರ್" ಎಂದರು ಬಿಕ್ಕುತ್ತಲೇ. "ಇನ್ನೊಂದು ಹುಳ ಇದ್ರೆ ಕೊಡಿ."