ಹಸಿರು ದಾರದ ಒಂಬತ್ತು ಕೋಳಿಗಳು

ಅಕ್ಕನಿಗೆ ಎರಡು ತಿಂಗಳಾಗಿದೆ ಎಂದು ಬಿಳಿಕೆರೆಯಿಂದ ಭಾವ ಫೋನ್ ಮಾಡಿದ ಮಾರನೆಯ ದಿನವೇ ಅವ್ವ ಕೋಳಿಯನ್ನು ಕಾವಿಗೆ ಕೂರಿಸಿದಳು. ಮೊದಲ ಹೆರಿಗೆ ತವರಿನದು, ಬಾಣಂತನವೂ ನಮ್ಮದೇ. ಬಾಣಂತಿಗೆ ಫಾರಂ ಕೋಳಿ ಆಗದು, ಮನೆಯಲ್ಲೇ ಬೆಳೆದ ನಾಟಿ ಕೋಳಿಯ ಸಾರೇ ಆಗಬೇಕು. ಮರಿ ಬೆಳೆದು ಸಾರಿಗೆ ಬರಲು ಆರು ತಿಂಗಳು ಬೇಕು. ಹೆರಿಗೆಯ ತಿಂಗಳಿನಿಂದ ಹಿಂದಕ್ಕೆ ಎಣಿಸಿ, ಈಗಲೇ ಕೂರಿಸಬೇಕೆಂದು ಹೇಳಿದವಳು ನಾನು. ಹೈಸ್ಕೂಲಿನಿಂದಲೂ ನನ್ನದೊಂದು ಪುಸ್ತಕವಿದೆ. ಮಳೆ ಬಂದ ದಿನ, ಕೋಳಿ ಇಟ್ಟ ಮೊಟ್ಟೆ, ಹಿತ್ತಲಿನಲ್ಲಿ ಕಿತ್ತ ನಿಂಬೆಹಣ್ಣು, ಎಲ್ಲವನ್ನೂ ಅದರಲ್ಲಿ ಬರೆಯುತ್ತೇನೆ.

ಮಂಕರಿಯಲ್ಲಿ ಹುಲ್ಲು ಹಾಸಿ ಹನ್ನೊಂದು ಮೊಟ್ಟೆ ಇಟ್ಟೆವು. ಇಪ್ಪತ್ತೊಂದನೆಯ ದಿನ ಹನ್ನೊಂದೂ ಒಡೆದವು. ಒಂದನ್ನು ಹದ್ದು ಎತ್ತಿಕೊಂಡು ಹೋಯಿತು, ಒಂದು ಮುಂಗುಸಿಯ ಪಾಲಾಯಿತು. ಉಳಿದವು ಒಂಬತ್ತು.

ಆ ಸಲ ನಿಂಬೆಗಿಡಗಳೆರಡೂ ಚೆನ್ನಾಗಿ ಬಿಟ್ಟಿದ್ದವು. ನೂರಾ ನಲವತ್ತು ಹಣ್ಣುಗಳನ್ನು ಸೀಳಿ, ಉಪ್ಪು ತುಂಬಿ, ಭರಣಿಗೆ ಹಾಕಿದೆವು. ಅದಕ್ಕೆ ಖಾರ ಹಾಕಲಿಲ್ಲ. ದಿನವೂ ಬೆಳಿಗ್ಗೆ ಭರಣಿಯನ್ನು ಬಿಸಿಲಿಗಿಟ್ಟು ಸಂಜೆ ಒಳಗಿಡುವುದು ನನ್ನ ಕೆಲಸ.

"ಬಾಣಂತಿ ನಾಲಿಗೆ ಸತ್ತೋಗಿರ್ತದೆ ಕಣೆ. ಇದೊಂದ್ ಚೂರು ಎಲೆ ತುದೀಲಿಟ್ರೆ ಅನ್ನ ಇಳೀತದೆ" ಎಂದಿದ್ದಳು ಅವ್ವ.

ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಅಕ್ಕ ಹಂಪಾಪುರದ ಹತ್ತಿರದ ನಮ್ಮ ತೋಟದ ಮನೆಗೆ ಬಂದಳು. ಅಷ್ಟರಲ್ಲಿ ಕೋಳಿಗಳು ಅಪ್ಪನ ಕಣ್ಣಿಗೂ ಬಿದ್ದಿದ್ದವು. ಅಪ್ಪನ ಕೈ ದೊಡ್ಡದು. ಯಾರಾದರೂ ನೆಂಟರು ಬಂದರೆ ಕೈಗೆ ಸಿಕ್ಕ ಕೋಳಿಯನ್ನು ಹಿಡಿದು ಕೊಯ್ದುಬಿಡುತ್ತಾನೆ. ಅದಕ್ಕೆ ಅವ್ವ ಒಂದು ಹಳೆಯ ಹಸಿರು ಸೀರೆಯ ಅಂಚನ್ನು ಹರಿದು ಕೊಟ್ಟಳು. ಒಂಬತ್ತರ ಕಾಲಿಗೂ ಅದನ್ನು ದಾರದಂತೆ ಹೊಸೆದು ಕಟ್ಟಿದೆ. ಹಸಿರು ದಾರ ಇದ್ದದ್ದು ಬಾಣಂತಿಯದು, ಅಪ್ಪ ಮುಟ್ಟುವಂತಿಲ್ಲ. ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದಳು.

"ಏನೇ, ಕೋಳಿಗೂ ಸೀಮಂತ ಮಾಡ್ತಿದ್ದೀಯ? ಬಳೆನೂ ತೊಡ್ಸು, ಬುಡ್ಬೇಡ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂಬತ್ತನೆಯ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ, ರಾತ್ರಿಯಿಂದ ಕೂಸು ಅಲುಗಾಡಿಲ್ಲ ಎಂದಳು. ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಶನಿವಾರ ಹೆರಿಗೆಯಾಯಿತು. ಹೆಣ್ಣು ಮಗು, ಉಸಿರಿರಲಿಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ಅಪ್ಪ, ಭಾವ ಇಬ್ಬರೂ ಬಿಳಿ ಬಟ್ಟೆಯ ಗಂಟನ್ನು ಎತ್ತಿಕೊಂಡು ಹೊಲದ ಬದುವಿಗೆ ಹೋಗಿ ಬಂದರು. ನನ್ನ ಪುಸ್ತಕದಲ್ಲಿ ಆ ದಿನದ ಸಾಲಿನಲ್ಲಿ ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ. "ಮೊಟ್ಟೆ: ಆರು" ಎಂದಷ್ಟೇ ಬರೆದಿದ್ದೇನೆ. ಉಳಿದ ಜಾಗ ಹಾಗೇ ಇದೆ.

ಅಕ್ಕ ಮನೆಗೆ ಬರುವ ಮುಂಚೆ ಒಂದು ಪಟ್ಟಿ ಮಾಡಿಕೊಂಡು ಎಲ್ಲವನ್ನೂ ಅಟ್ಟಕ್ಕೆ ಹಾಕಿದೆ. ತೊಟ್ಟಿಲು, ಹಳೆ ಪಂಚೆಯ ಬಟ್ಟೆಗಳು, ಕುಲಾವಿ, ಗಿಲಕಿ, ಎಣ್ಣೆ ಬಟ್ಟಲು. ಒಟ್ಟು ಹನ್ನೊಂದು ಸಾಮಾನು. ಒಂದೊಂದನ್ನೂ ಇಟ್ಟು ಗೀಟು ಎಳೆದೆ. ಏನೂ ಉಳಿದಿಲ್ಲ ಎಂದುಕೊಂಡೆ.

ಮೂರನೆಯ ದಿನ ಅಕ್ಕನಿಗೆ ಹಾಲು ಬಂತು. ಎದೆ ಕಲ್ಲಿನಂತಾಗಿ ಜ್ವರ ಏರಿತು. ಹಾಲು ನಿಲ್ಲಲು ಎದೆಯ ಮೇಲೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿಯುವುದು ನಮ್ಮ ಕಡೆಯ ರೂಢಿ. ಹೂ ತರಲು ಅವ್ವ ನನ್ನನ್ನು ಕೋಟೆ ಪೇಟೆಗೆ ಕಳಿಸಿದಳು. ನಾಲ್ಕು ಮಾರು ಕೇಳಿದ್ದಕ್ಕೆ ಹೂ ಮಾರುವಾಕೆ ನಗುತ್ತ, "ಮನೇಲೇನವ್ವ, ಹಬ್ಬವಾ?" ಎಂದಳು. ನಾನು "ಹೂಂ" ಎಂದೆ. ಬಸ್ಸಿನಲ್ಲಿ ಎಲ್ಲರೂ ಆ ಘಮಕ್ಕೆ ತಿರುಗಿ ನೋಡಿದರು.

ಐದನೆಯ ದಿನ ಅವ್ವ ದಾರದ ಕೋಳಿಯೊಂದನ್ನು ಕೊಯ್ದು, ಮೆಣಸು, ಬೆಳ್ಳುಳ್ಳಿ ಅರೆದು ಸಾರು ಮಾಡಿದಳು. ಅಕ್ಕ ಬಟ್ಟಲನ್ನು ದೂರ ಸರಿಸಿದಳು.

"ಒಂದ್ ಕಡೆ ಹಾಲು ನಿಲ್ಲಕ್ಕೆ ಹೂ ಕಟ್ತೀಯ. ಇನ್ನೊಂದ್ ಕಡೆ ಹಾಲು ಬರಕ್ಕೆ ಸಾರು ಕೊಡ್ತೀಯ. ಯಾರ್ ಕುಡೀಲಿ ಅಂತ ಅವ್ವ?"

ಅವ್ವ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆ ಸಾರನ್ನು ಅಪ್ಪನೂ ಮುಟ್ಟಲಿಲ್ಲ.

ಪಕ್ಕದ ತೋಟದ ದೊಡ್ಡವ್ವ ಮಾತಾಡಿಸಲು ಬಂದವಳು, ಅಕ್ಕನ ತಲೆಗೆ ಕಟ್ಟಿದ್ದ ಬಟ್ಟೆಯನ್ನೂ ಕಿವಿಗಿಟ್ಟ ಹತ್ತಿಯನ್ನೂ ನೋಡಿ ಅವ್ವನನ್ನು ಹಿತ್ತಲಿಗೆ ಕರೆದಳು. "ಕೂಸಿಲ್ದೋಳಿಗೆ ಎಂಥ ಬಾಣಂತನವೇ? ಅಂಗ್ ಕುಂತ್ರೆ ಇನ್ನೂ ನೆಪ್ಪಾಯ್ತದೆ. ಎದ್ದು ಓಡಾಡ್ಲಿ ಬುಡು." ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು.

"ಒಂಬತ್ ತಿಂಗ್ಳು ಹೊತ್ತವ್ಳೆ, ನೋವು ತಿಂದು ಹೆತ್ತವ್ಳೆ" ಎಂದಳು ಅವ್ವ. "ಕೂಸು ಉಳೀನಿಲ್ಲ ಅಂತ ಸೊಂಟಕ್ಕೆ ಗೊತ್ತಾದದಾ ಅಕ್ಕಯ್ಯ?"

ಆದರೆ ಅಕ್ಕನೇ ಬಾಣಂತಿಯಾಗಲು ಒಪ್ಪಲಿಲ್ಲ. ನನ್ನ ಪುಸ್ತಕದಲ್ಲಿ ಆ ದಿನಗಳ ಲೆಕ್ಕ ಹೀಗಿದೆ: ಆರನೆಯ ದಿನ, ಅರ್ಧ ಮುದ್ದೆ. ಏಳನೆಯ ದಿನ, ಎರಡು ತುತ್ತು ಅನ್ನ. ಎಂಟನೆಯ ದಿನ, ಕಾಫಿ ಮಾತ್ರ. ಒಂಬತ್ತನೆಯ ದಿನ ಎದ್ದು ನಿಂತವಳು ಕಣ್ಣು ಕತ್ತಲಾಗಿ ಗೋಡೆ ಹಿಡಿದಳು. ಮನೆಗೆ ಬಂದಿದ್ದ ನರ್ಸು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಬಹಳ ಹೋಗಿದೆ, ಹೀಗೇ ಉಪವಾಸವಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ಅವ್ವ ಅವತ್ತು ಒಲೆ ಮುಂದೆ ಕೂತು ಅತ್ತಳು.

ಹನ್ನೆರಡನೆಯ ದಿನ ಬೆಳಿಗ್ಗೆ ಅಕ್ಕ ತಾನಾಗಿಯೇ ಹಿತ್ತಲಿಗೆ ಬಂದಳು. ನಾನು ಕೋಳಿಗಳಿಗೆ ರಾಗಿ ಎರಚುತ್ತಿದ್ದೆ. ಎಂಟು ಕೋಳಿ, ಎಂಟರ ಕಾಲಲ್ಲೂ ಹಸಿರು. ಅಟ್ಟಕ್ಕೆ ಹಾಕಿದ ಹನ್ನೊಂದು ಸಾಮಾನಿನ ಪಟ್ಟಿಯಲ್ಲಿ ಈ ಹಸಿರು ದಾರ ಇರಲಿಲ್ಲ. ನನ್ನ ಕೈ ಹಾಗೇ ನಿಂತಿತು.

ಅಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತು ಹತ್ತಿರ ಬಂದ ಒಂದು ಹ್ಯಾಟೆ ಕೋಳಿಯನ್ನು ಹಿಡಿದಳು. ಅದರ ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಎಳೆಯ ಕಾಲಿಗೆ ಕಟ್ಟಿದ್ದ ದಾರ. ಕಾಲು ದಪ್ಪವಾದ ಹಾಗೆ ಅದು ಚರ್ಮದೊಳಗೆ ಇಳಿದು ಸುತ್ತಲೂ ಕೆಂಪಾಗಿತ್ತು.

"ಎಷ್ಟ್ ಬಿಗಿಯಾಗೋಗದೆ ನೋಡು. ಒಬ್ರಾದ್ರೂ ನೋಡ್ಬಾರ್ದ? ಬ್ಲೇಡ್ ತಕಬಾ."

ನಾನು ಒಂದೊಂದನ್ನೇ ಹಿಡಿದುಕೊಟ್ಟೆ. ಅವಳು ಕಾಲಿಗೆ ತಾಗದಂತೆ ದಾರ ಕೊಯ್ದು, ಗಾಯವಾದಲ್ಲಿ ಅರಿಶಿನ ಹಚ್ಚಿದಳು. ಎಂಟನೆಯದನ್ನು ಬಿಟ್ಟ ಮೇಲೆ ಸುತ್ತ ನೋಡಿದಳು.

"ಇನ್ನೊಂದೆಲ್ಲಿ?"

"ಅವತ್ತು ನಿಂಗೆ ಸಾರು ಮಾಡಿದ್ದು."

"ನಾನ್ ಕುಡೀನಿಲ್ಲ."

"ಇಲ್ಲ."

"ಅಪ್ಪ ತಿಂದ್ನಾ?"

"ಯಾರೂ ತಿನ್ನಲಿಲ್ಲ ಅಕ್ಕ. ಹಳಸೋಯ್ತು."

ಅವಳು ಬಹಳ ಹೊತ್ತು ಕೈಯಲ್ಲಿದ್ದ ದಾರದ ತುಂಡುಗಳನ್ನು ನೋಡಿದಳು. "ಸುಮ್ಮೆ ಸತ್ತೋಯ್ತಲ್ಲೇ" ಎಂದಳು. ಆಮೇಲೆ ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಅವ್ವ ಓಡಿ ಬಂದು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಅಂದು ಸಂಜೆ ಬಿಳಿಕೆರೆಯಿಂದ ಅಕ್ಕನ ಅತ್ತೆಯ ಫೋನು. ಅವ್ವ ಸ್ಪೀಕರ್ ಹಾಕಿದ್ದಳು. "ಕೂಸೇ ಇಲ್ಲ ಅಂದ್ಮೇಲೆ ಅಲ್ಯಾಕೆ ಮೂರ್ ತಿಂಗ್ಳು ಬೀಗಿತ್ತಿ? ಭಾನುವಾರ ಬಂದು ಕರ್ಕೊಂಡೋಯ್ತೀವಿ. ಇಲ್ಲಿ ನಾಕು ಜನದ ಜೊತೆ ಇದ್ರೆ ಮರೀತಾಳೆ." ಬೀಗಿತ್ತಿಯ ಮಾತನ್ನು ತೆಗೆದುಹಾಕುವ ಧೈರ್ಯ ಅವ್ವನಿಗಿಲ್ಲ. ಅಕ್ಕ ಒಳಗಿನಿಂದ ಬಂದು ಫೋನ್ ತೆಗೆದುಕೊಂಡಳು.

"ಅತ್ತೆ, ನಾನು ಬಾಣಂತಿ. ಮೂರ್ ತಿಂಗ್ಳು ಆಗ್ಲಿ, ಬತ್ತೀನಿ. ಈಗ ಕರೀಬೇಡಿ."

ಆ ಕಡೆಯಿಂದ, "ಆಯ್ತು ಕಣವ್ವ, ಮೈ ಹುಷಾರು" ಎಂದು ಕೇಳಿಸಿತು.

ಮಾರನೆಯ ದಿನ ಮಧ್ಯಾಹ್ನ ಅವ್ವ ಮತ್ತೆ ಸಾರು ಮಾಡಿದಳು. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿ ಕೂತಳು. ಮೊದಲ ಗುಟುಕಿಗೇ ಮುಖ ಹಿಂಡಿದಳು.

"ಉಪ್ಪೇ ಇಲ್ವಲ್ಲವ್ವ."

"ಬಾಣಂತಿಗೆ ಅಷ್ಟೇ ಕಣವ್ವ" ಎಂದಳು ಅವ್ವ. ಭರಣಿಯ ನಿಂಬೆಯ ಚೂರೊಂದನ್ನು ತಟ್ಟೆಯ ತುದಿಗೆ ಇಟ್ಟಳು.

ಅಕ್ಕ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗತೊಡಗಿದಳು. ಅರ್ಧ ಮುದ್ದೆ ಮುಗಿಯುವಾಗ ಅವಳ ರವಿಕೆಯ ಮುಂದೆ ಎರಡು ಕಡೆ ಒದ್ದೆಯಾಗುವುದು ಕಾಣಿಸಿತು. ಬಿಸಿ ಸಾರಿಗೆ ಹಾಲು ಮತ್ತೆ ಇಳಿದಿತ್ತು. ಅವಳೂ ಬಗ್ಗಿ ನೋಡಿಕೊಂಡಳು. ಅವ್ವ ಒಣ ಬಟ್ಟೆ ತರಲು ದಡಬಡಿಸಿ ಎದ್ದಳು.

"ಕೂತ್ಕೊ ಅವ್ವ" ಎಂದಳು ಅಕ್ಕ. ಕಣ್ಣೀರು ಗಲ್ಲದಿಂದ ಬಟ್ಟಲಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮೊದ್ಲು ಇನ್ನೊಂದ್ ಸೌಟು ಹಾಕು."