ನಕ್ಷತ್ರ ಕಟ್ಟದ ಮನೆ

ನಮ್ಮ ಮನೆಗೆ ಕ್ರಿಸ್‌ಮಸ್ ಬಂದದ್ದು ಕಬ್ಬಿನ ಗಾಡಿಯ ದೆಸೆಯಿಂದ. ಕ್ಯಾತನಹಳ್ಳಿಯ ಮಗ್ಗುಲಲ್ಲಿರುವ ನಮ್ಮೂರಿನಿಂದ ಅಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ. ಅಲ್ಲಿ ಗಾಡಿ ತೂಗುವ ಕಡೆ ಶ್ರೀರಂಗಪಟ್ಟಣದ ಒಬ್ಬರು ಕೆಲಸಕ್ಕಿದ್ದರು. ಸಾಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಹಗಲೆಲ್ಲ ಕಾಯಬೇಕಾದ ಒಂದು ದಿನ ಅಪ್ಪ ಬುತ್ತಿ ಬಿಚ್ಚಿ ಅವರನ್ನೂ ಕರೆದ, ಅವರು ಬಂದು ಕೂತರು. ಸ್ನೇಹಕ್ಕೆ ಅಷ್ಟು ಸಾಕಾಯಿತು. ನಾನು ಹುಟ್ಟುವ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದು ಕರೆಯುತ್ತಿದ್ದರಂತೆ. ಅಮ್ಮ ಅವರಿಗೆ ತಂಗಿ. ಹಾಗಾಗಿ ನನಗೂ ನನ್ನ ತಮ್ಮನಿಗೂ ಅವರು ಮಾವ, ಅವರ ಹೆಂಡತಿ ಅತ್ತೆ. ಅವರು ಕ್ರೈಸ್ತರು ಅನ್ನುವುದು ನಮಗೆ ಡಿಸೆಂಬರಿನಲ್ಲಿ ಮಾತ್ರ ನೆನಪಾಗುತ್ತಿತ್ತು.

ಅಜ್ಜಿಗೆ ಅದು ವರ್ಷವಿಡೀ ನೆನಪಿರುತ್ತಿತ್ತು. ಅಜ್ಜಿ ಅಂದರೆ ಅಪ್ಪನ ತಾಯಿ. ಮಾವ ಬಂದರೆ ಚಾಪೆ ಹಾಸಿಸುತ್ತಿದ್ದಳು, ಮುದ್ದೆಯ ಮೇಲೆ ತುಪ್ಪ ಬಿಡಿಸುತ್ತಿದ್ದಳು. ಆದರೆ ಅವರ ಮನೆಯ ಹೊಸಿಲು ದಾಟಿದವಳಲ್ಲ, ಅಲ್ಲಿಂದ ಬಂದದ್ದನ್ನು ಬಾಯಿಗೆ ಹಾಕಿದವಳೂ ಅಲ್ಲ. ಅತ್ತೆ ಕೇಕು ಕಳಿಸಿದರೆ, "ಮೊಟ್ಟೆ ಆಕವ್ರೆ, ನಂಗೆ ಆಗಾಕಿಲ್ಲ" ಎಂದು ನೆಪ ಹೇಳುತ್ತಿದ್ದಳು. ನಾಟಿ ಕೋಳಿಯ ಸಾರಿದ್ದ ದಿನ ಎರಡು ಸಲ ತಟ್ಟೆ ಮುಂದೆ ತಳ್ಳುವ ಹೆಂಗಸಿಗೆ ಮೊಟ್ಟೆಯ ನೆಪ!

ನಾನು ಪಾಂಡವಪುರದಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದೆ. ನಮಗೆ ಕ್ರಿಸ್‌ಮಸ್‌ಗೆ ವಾರಗಟ್ಟಲೆ ರಜೆ. ತಮ್ಮ ಓದುತ್ತಿದ್ದುದು ಊರಿನ ಸರ್ಕಾರಿ ಶಾಲೆಯಲ್ಲಿ, ಅವನಿಗೆ ಒಂದೇ ದಿನ. ಉಳಿದ ದಿನಗಳಿಗೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಹಬ್ಬದ ಹಿಂದಿನ ದಿನ ಅಪ್ಪ ನಮ್ಮನ್ನು ಬಸ್ಸು ಹತ್ತಿಸಿ ತಾನೂ ಹತ್ತುತ್ತಿದ್ದ. ಒಂದು ಚೀಲ ಸೊಗಡಿನ ಅವರೆಕಾಯಿ, ಆಲೆಮನೆಯಿಂದ ತಂದ ಬೆಲ್ಲದ ಅಚ್ಚು, ಅದರ ಮೇಲೆ ಒಂದು ಹೊರೆ ಕಬ್ಬಿನ ಸೋಗೆ. ಸೋಗೆ ಯಾಕೆಂದರೆ ಮಾವನ ಮನೆಯಲ್ಲಿ ಕಟ್ಟುವ ಗೋದಲಿಗೆ, ಅಂದರೆ ಬಾಲಯೇಸುವನ್ನು ಮಲಗಿಸುವ ಆ ಪುಟ್ಟ ಕೊಟ್ಟಿಗೆಗೆ, ಸೂರು ಹೊದಿಸಬೇಕಲ್ಲ. ಕಂಡಕ್ಟರ್ ಪ್ರತಿ ವರ್ಷವೂ "ಏನ್ ಗೌಡ್ರೇ, ದನಾನೂ ಹತ್ತಿಸ್ತೀರಾ?" ಎಂದು ಗೊಣಗುತ್ತಿದ್ದ. ಅಪ್ಪ ನಗುತ್ತಿದ್ದ.

ಅತ್ತೆ ನಮ್ಮ ಬೆಲ್ಲವನ್ನೇ ತುರಿದು, ಹುರಿಗಡಲೆ ಪುಡಿ, ಕೊಬ್ಬರಿ ಸೇರಿಸಿ ಕರ್ಜಿಕಾಯಿ ಮಾಡುತ್ತಿದ್ದರು. ಬಾಣಲೆಯಿಂದ ಎದ್ದ ಮೊದಲನೆಯದು ಅಪ್ಪನದು. ಆರುವುದಕ್ಕೆ ಬಿಡುತ್ತಿರಲಿಲ್ಲ. ಒಳಗಿನ ಬೆಲ್ಲ ಕರಗಿ ನಾಲಿಗೆ ಸುಟ್ಟು, ಬಾಯಿ ತೆರೆದು ಉಫ್ ಉಫ್ ಎನ್ನುತ್ತ ಅಡುಗೆಮನೆಯಲ್ಲೇ ಕುಣಿಯುತ್ತಿದ್ದ. ಮಾವ, "ಭಾವ, ವರ್ಷಾ ವರ್ಷಾ ಸುಟ್ಕೊಂಡ್ರೂ ಬುದ್ಧಿ ಬರ್ನಿಲ್ವಲ್ಲೋ ನಿಂಗೆ" ಎನ್ನುತ್ತಿದ್ದರು. ನನ್ನ ಪಾಲಿಗೆ ಹಬ್ಬ ಶುರುವಾಗುತ್ತಿದ್ದುದು ಆ ಮಾತಿನಿಂದ.

ಒಂದು ವರ್ಷ ಯುಗಾದಿ ಕಳೆದ ಮೇಲೆ ಅಪ್ಪ ಎದೆ ಹಿಡಿದುಕೊಂಡು ಗದ್ದೆಯ ಬದುವಿನ ಮೇಲೆ ಕೂತ. ಕೂತವನು ಏಳಲಿಲ್ಲ.

ಸುದ್ದಿ ಕೇಳಿ ಮಾವ ಮೈಮೇಲಿದ್ದ ಬಟ್ಟೆಯಲ್ಲೇ ಓಡಿ ಬಂದರು. ಚಟ್ಟ ಎತ್ತುವ ಹೊತ್ತಿಗೆ ಹೆಗಲು ಕೊಡಲು ಮುಂದೆ ಬಂದರು. ಅಪ್ಪನ ದೊಡ್ಡಪ್ಪ ಅವರ ತೋಳು ಹಿಡಿದು, "ನೀ ಬುಡಪ್ಪಾ, ನಮ್ಮೋರೇ ಅವ್ರೆ" ಎಂದರು. ಬೈಗುಳವಲ್ಲ, ದನಿ ಏರಿಸಿಯೂ ಹೇಳಿದ್ದಲ್ಲ. ಒಂದು ಮೂಟೆ ಹೊರಲು ಬಂದವನಿಗೆ ಬೇಡ ಎನ್ನುವಂತೆ ಹೇಳಿದರು. ನನಗೆ ಈಗ ಸಿಟ್ಟು ಬರುವುದೂ ಅದಕ್ಕೇ. ಮಾವ ಹಿಂದೆ ಸರಿದರು. ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಕೊನೆಯಲ್ಲಿ ನಡೆದರು.

ನಮ್ಮ ಕಡೆ ತಿಥಿಯ ದಿನ ಮನೆಯ ಹಿರಿಯರು ಸೂತಕ ಹಿಡಿದವರ ತಲೆಗೆಲ್ಲ ಹರಳೆಣ್ಣೆ ಮುಟ್ಟಿಸುತ್ತಾರೆ. ಅಲ್ಲಿಗೆ ಅಳುವ ದಿನ ಮುಗಿಯಿತು, ಏಳಿ, ಮೈ ತೊಳೆದುಕೊಂಡು ಕೆಲಸ ನೋಡಿ ಎಂದು ಅರ್ಥ. ಮಗನ ತಿಥಿಯಲ್ಲಿ ಅಜ್ಜಿಯೇ ಬಟ್ಟಲು ಹಿಡಿದಳು. ಚಿಕ್ಕಪ್ಪಂದಿರ ತಲೆಗೆ ಮುಟ್ಟಿಸಿದಳು, ದಾಯಾದಿಗಳ ತಲೆಗೆ, ನನ್ನ ತಲೆಗೆ, ತಮ್ಮನ ತಲೆಗೆ. ಮಾವ ಚಪ್ಪರದ ಕಂಬದ ಹತ್ತಿರ ಟವೆಲು ಹಿಂಡಿಕೊಂಡು ನಿಂತಿದ್ದರು. ಬಟ್ಟಲು ಅವರವರೆಗೆ ಹೋಗಲಿಲ್ಲ. ಊಟ ಮಾಡಿದರು, ಅಮ್ಮನಿಗೆ ಕೈಮುಗಿದರು, ಹೋದರು. ಆಮೇಲೆ ಬರಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ವರ್ಷ ತುಂಬುವವರೆಗೆ ಒಲೆಯ ಮೇಲೆ ಬಾಣಲೆ ಇಡುವಂತಿಲ್ಲ, ಎಣ್ಣೆಯಲ್ಲಿ ಏನನ್ನೂ ಕರಿಯುವಂತಿಲ್ಲ. ಗೌರಿ ಹಬ್ಬ ಬಂತು, ದೀಪಾವಳಿ ಬಂತು. ಅಕ್ಕಪಕ್ಕದವರು ತಟ್ಟೆಯಲ್ಲಿ ಒಬ್ಬಟ್ಟು ತಂದುಕೊಟ್ಟು, ನಿಟ್ಟುಸಿರು ಬಿಟ್ಟು ಹೋದರು. ಅಮ್ಮ ಅದನ್ನು ನಮಗೆ ಕೊಟ್ಟು ತಾನು ಮುಟ್ಟುತ್ತಿರಲಿಲ್ಲ. ಅವಳಿಗೆ ಒಡಹುಟ್ಟಿದವರಿರಲಿಲ್ಲ. ಅವಳ ತಾಯಿ ತೀರಿಕೊಂಡ ಮೇಲೆ ಕಿಕ್ಕೇರಿಯ ತವರೂ ಮುಗಿದಿತ್ತು. ಅಣ್ಣ ಅಂತ ಇದ್ದವರು ಶ್ರೀರಂಗಪಟ್ಟಣದ ಆ ಒಬ್ಬರೇ. ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಅಮ್ಮ ನಮ್ಮ ಕಡೆ ನೋಡದೆ ಹೇಳಿದಳು: "ಅವ್ರ ಸ್ನೇಹ ನಿಮ್ಮಪ್ಪನ್ ಜೊತೆ. ನಿಮ್ಮಪ್ಪನ್ ಜೊತೇಗೇ ಓಯ್ತು ಬುಡು." ಅಪ್ಪ ಹೋದಾಗ ಎದೆ ಬಡಿದುಕೊಂಡು ಅತ್ತವಳು ಈ ಮಾತನ್ನು ಒಣಗಣ್ಣಿನಲ್ಲಿ ಹೇಳಿದಳು. ನನಗೆ ಅದರಿಂದ ಇನ್ನೂ ಹೆದರಿಕೆಯಾಯಿತು.

ಡಿಸೆಂಬರ್ ಬಂತು. ಪ್ರತಿ ವರ್ಷ ಈ ಹೊತ್ತಿಗೆ ಮಾವ ಬಂದು ಕರೆದು ಹೋಗುತ್ತಿದ್ದರು. ಈ ಸಲ ಬರಲಿಲ್ಲ. ಕಾನ್ವೆಂಟಿನಲ್ಲಿ ರಜೆ ಬಿಟ್ಟ ದಿನ ನಾನು ಬಾಯಿ ಮುಚ್ಚಿಕೊಂಡೇ ಮನೆಗೆ ಬಂದೆ. ತಮ್ಮನಿಗೆ ಅಷ್ಟು ತಡೆಯಿಲ್ಲ. "ಅಮ್ಮಾ, ಮಾವುನ್ ಮನೆಗೆ ಯಾವಾಗ?" ಎಂದುಬಿಟ್ಟ. ಅಮ್ಮ ಒಲೆಯ ಕಡೆ ತಿರುಗಿದಳು.

ಜಗಲಿಯಿಂದ ಅಜ್ಜಿಯ ದನಿ ಬಂತು. "ನಾಳೀಕೆ."

ನಾವೆಲ್ಲ ಅತ್ತ ನೋಡಿದೆವು. "ಕರೀದೆ ಎಂಗತ್ತೆ ಓಗೋದು?" ಎಂದಳು ಅಮ್ಮ.

"ತವರಿಗೆ ಓಗಾಕೆ ಯಾವ ಕರೆಯವ್ವಾ? ಅವರೆಕಾಯಿ ಕುಯ್ಸು. ಬೆಲ್ಲ ಕಟ್ಕೊ. ನಾನೂ ಬತ್ತೀನಿ."

ಅಮ್ಮನಿಗೆ ದಿಗಿಲಾಯಿತು. ಅಜ್ಜಿ ಆ ಮನೆಗೆ ಹೊರಟಳೆಂದರೆ ಜಗಳಕ್ಕೇ ಇರಬೇಕು, ಕಷ್ಟಕಾಲದಲ್ಲಿ ಬಂದು ನೋಡದವನನ್ನು ನಾಲ್ಕು ಮಂದಿ ಎದುರು ನಿಲ್ಲಿಸಿ ಕೇಳಲಿಕ್ಕೇ ಇರಬೇಕು ಎಂದು ಅವಳ ಲೆಕ್ಕ. ಅಜ್ಜಿಯ ನಾಲಿಗೆ ಕಂಡವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಬೆಳಿಗ್ಗೆ ಹೊರಡುವಾಗ ಅಜ್ಜಿ ನನ್ನ ಕೈಗೆ ಬಟ್ಟೆ ಸುತ್ತಿದ ಒಂದು ಶೀಷೆ ಕೊಟ್ಟು, "ಚೆಲ್ಬುಟ್ಟೀಯೆ, ಉಸಾರು" ಎಂದಳು. ಹರಳೆಣ್ಣೆ. ಮಂಡಿ ನೋವಿಗೆ ಹಚ್ಚಿಕೊಳ್ಳುವುದಕ್ಕೆ ಅಂದುಕೊಂಡೆ.

ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿದೆವು. ಆ ವರ್ಷ ಸೋಗೆಯ ಹೊರೆ ಇರಲಿಲ್ಲ, ಕಂಡಕ್ಟರಿಗೆ ಗೊಣಗುವುದಕ್ಕೂ ಏನಿರಲಿಲ್ಲ. ದಾರಿಯುದ್ದಕ್ಕೂ ಕಬ್ಬು ಕಡಿಯುತ್ತಿದ್ದರು. ಅಮ್ಮ ಒಮ್ಮೆ ಅಜ್ಜಿಯ ಕಡೆ ಬಾಗಿ, "ಅತ್ತೆ, ಏನೂ ಅನ್ಬೇಡಿ ಅವ್ರಿಗೆ. ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು" ಎಂದಳು. ಅಜ್ಜಿ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಮಾವನ ಬೀದಿಯಲ್ಲಿ ನಾಲ್ಕೈದು ಮನೆ ಕ್ರೈಸ್ತರವೇ. ಎಲ್ಲ ಬಾಗಿಲ ಮೇಲೂ ಬಣ್ಣದ ಕಾಗದದ ನಕ್ಷತ್ರ ತೂಗುತ್ತಿತ್ತು. ಒಂದು ಮನೆಯಿಂದ ಕಜ್ಜಾಯದ ವಾಸನೆ ಬರುತ್ತಿತ್ತು. ಮಾವನ ಮನೆಯ ಬಾಗಿಲ ಮೇಲೆ ಬರೀ ಮೊಳೆ ಇತ್ತು. ಅಮ್ಮ ಅದನ್ನು ನೋಡಿ ನಿಂತುಬಿಟ್ಟಳು. ಊರಲ್ಲಿಲ್ಲವೇನೋ ಎಂದಳು. ನಮ್ಮನ್ನು ಕಂಡೂ ಒಳಗೆ ಕರೆಯದಿರುವುದಕ್ಕಿಂತ ಅವರು ಊರಲ್ಲಿಲ್ಲದಿದ್ದರೇ ಮೇಲು ಎಂದು ಅವಳ ಮನಸ್ಸಿನಲ್ಲಿದ್ದದ್ದು ನನಗೂ ತಿಳಿಯುತ್ತಿತ್ತು.

ಅಜ್ಜಿಯೇ ಹೋಗಿ ಬಾಗಿಲು ಬಡಿದಳು. ತೆರೆದವರು ಮಾವ. ನನಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ದಿನಾ ಕ್ಷೌರ ಮಾಡಿ, ಎಣ್ಣೆ ಹಚ್ಚಿ ಬೈತಲೆ ತೆಗೆಯುತ್ತಿದ್ದ ಮನುಷ್ಯ. ಗಡ್ಡ ಎದೆಗೆ ಇಳಿದಿತ್ತು. ತಲೆಗೂದಲು ಒಣಗಿ ತೆಂಗಿನ ನಾರಿನ ಹಾಗೆ ಎದ್ದು ನಿಂತಿತ್ತು. ಅಜ್ಜಿಯನ್ನು ನೋಡಿ ಅವರು ಬಾಗಿಲು ಬಿಟ್ಟು ಹಿಂದೆ ಸರಿದರು.

ಒಳಗೆ ಗೋದಲಿ ಕಟ್ಟುವ ಮೂಲೆ ಖಾಲಿ. ಅತ್ತೆ ಓಡಿ ಬಂದು ಅಮ್ಮನನ್ನು ಹಿಡಿದುಕೊಂಡರು. "ನೀವಾದ್ರೂ ಏಳಿ ಇವ್ರಿಗೆ. ಇವ್ರ ಭಾವ ಓದಾಗಿಂದ ತಲೆಗೆ ಎಣ್ಣೆ ಮುಟ್ಸಿಲ್ಲ, ಗಡ್ಡ ತೆಗ್ದಿಲ್ಲ. ಹಬ್ಬ ಬ್ಯಾಡ ಅಂದ್ಬುಟ್ರು. ನಮ್ ಫಾದರ್ ಬಂದು ಏಳುದ್ರೂ ಕೇಳ್ನಿಲ್ಲ" ಎಂದು ಅತ್ತರು. ನನ್ನ ವಾರಿಗೆಯವಳಾದ ಮಾವನ ಮಗಳು ಬಾಗಿಲ ಸಂದಿಯಲ್ಲಿ ತುಟಿ ಕಚ್ಚಿಕೊಂಡು ನಿಂತಿದ್ದಳು.

ಅಜ್ಜಿ ನೆಲದ ಮೇಲೆ ಕೂತಳು. ಆ ಮನೆಯ ನೆಲದ ಮೇಲೆ, ಚಾಪೆಗೂ ಕಾಯದೆ. "ಯಾಕಪ್ಪಾ ಬರ್ನಿಲ್ಲ ನೀನು ಇಷ್ಟು ದಿನ?" ಎಂದು ಕೇಳಿದಳು.

ಮಾವ ಗೋಡೆಗೆ ಒರಗಿ ನಿಂತೇ ಹೇಳಿದರು. "ಸೂತಕ ಇಟ್ಕಂಡು ಇನ್ನೊಬ್ರ ಮನೆಗೆ ಎಂಗೆ ಬರೋದವ್ವ?"

"ನಿಂಗ್ಯಾರಪ್ಪಾ ಸೂತಕ ಇಕ್ದೋರು?"

"ಯಾರೂ ಇಕ್ನಿಲ್ಲ ಕಣವ್ವ. ಅದುಕ್ಕೇ ನಾನೇ ಇಕ್ಕಂಡೆ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ, "ಅವತ್ತು ಬಟ್ಲು ನನ್ ಕೈಲೇ ಇತ್ತು. ನೀ ಕಂಬದತ್ರ ನಿಂತಿದ್ದುದ್ನೂ ಕಂಡೆ. ಊರೋರು ಏನಂದಾರೋ ಅಂತ ಕೈ ಮುಂದ್ಕೆ ಬರ್ನಿಲ್ಲ. ಅವತ್ತಿಂದ ನಂಗೂ ನಿದ್ದೆ ಇಲ್ಲ" ಎಂದಳು. ನನ್ನ ಕಡೆ ಕೈ ಚಾಚಿದಳು. "ತಾ ಇಲ್ಲಿ."

ನಾನು ಶೀಷೆ ಕೊಟ್ಟೆ. ಅದು ಮಂಡಿಗಲ್ಲ ಎಂದು ಆಗ ಗೊತ್ತಾಯಿತು.

"ಬಾ ಮಗಾ, ಕೂತ್ಕೊ" ಎಂದಳು ಅಜ್ಜಿ. ಅವಳು ಅವರನ್ನು ಮಗ ಎಂದದ್ದು ಅದೇ ಮೊದಲು. ಮಾವ ಬಂದು ಅವಳ ಮುಂದೆ ಮಂಡಿಯೂರಿ ಕೂತು ತಲೆ ಬಗ್ಗಿಸಿದರು. ಅಜ್ಜಿ ಅಂಗೈ ತುಂಬ ಎಣ್ಣೆ ಸುರಿದುಕೊಂಡು ನೆತ್ತಿಗೆ ಒತ್ತಿದಳು. ಚಿಕ್ಕಪ್ಪಂದಿರಿಗೆ ಹೇಳಿದ್ದ ಮಾತನ್ನೇ ಇಲ್ಲೂ ಹೇಳಿದಳು: "ಅತ್ತಿದ್ದು ಸಾಕು. ಓದೋನು ಓದ. ಏಳು, ಮಕ್ಳ ಮೊಖ ನೋಡು." ಎಣ್ಣೆ ಹಣೆಯಿಂದ ಇಳಿದು ಗಡ್ಡಕ್ಕೆ ಸೇರಿತು. ಮಾವ ಮಗುವಿನ ಹಾಗೆ ದನಿ ತೆಗೆದು ಅತ್ತರು. ಚಟ್ಟದ ಹಿಂದೆ ಚಪ್ಪಲಿ ಹಿಡಿದು ನಡೆದಾಗ ಅವರು ಅತ್ತಿರಲಿಲ್ಲ.

ಅವರು ಗಡ್ಡ ತೆಗೆಸಿಕೊಂಡು, ಹೊಳೆಗೆ ಹೋಗಿ ಮಿಂದು ಬಂದರು. ಅಷ್ಟರಲ್ಲಿ ಅಜ್ಜಿ ಅತ್ತೆಗೆ, "ಬಾಣ್ಲೆ ಇಡವ್ವಾ" ಎಂದಿದ್ದಳು.

ಅತ್ತೆ ಹಿಂಜರಿದರು. "ನಿಮ್ಗಿನ್ನೂ ವರ್ಷ ತುಂಬಿಲ್ವಲ್ಲವ್ವಾ..."

"ನಮ್ಮನೇಲಿ ತುಂಬಿಲ್ಲ. ಇಲ್ಲಿ ತುಂಬ್ತು."

ಮಾವನ ಮಗಳು ಬೀರುವಿನ ಮೇಲಿಂದ ಹಳೆಯ ನಕ್ಷತ್ರ ಇಳಿಸಿದಳು. ಒಂದು ಮೂಲೆ ಹರಿದಿತ್ತು. ತಮ್ಮ ಅದಕ್ಕೆ ಅನ್ನದ ಅಗುಳು ಮೆತ್ತಿ ಕಾಗದ ಅಂಟಿಸಿದ. ಅಮ್ಮ ಬೆಲ್ಲ ತುರಿಯಲು ಕೂತಳು. ಅವಳ ಕಣ್ಣಿಂದ ನೀರು ಹರಿಯುತ್ತಲೇ ಇತ್ತು, ತುಟಿ ಮಾತ್ರ ನಗುತ್ತಿತ್ತು. ಆ ವರ್ಷದಲ್ಲಿ ಮೊದಲ ಸಲ ಅವಳು ನನ್ನ ಅಮ್ಮನ ಹಾಗೆ ಕಂಡಳು.

ಸಂಜೆ ಚರ್ಚಿನ ಗಂಟೆ ಹೊಡೆಯುವ ಮುಂಚೆ ಎಣ್ಣೆ ಕಾಯಿತು. ಅತ್ತೆ ಮೊದಲ ಕರ್ಜಿಕಾಯಿ ಎತ್ತಿ ತಟ್ಟೆಗೆ ಹಾಕಿದರು. ಎಲ್ಲರೂ ಅಲ್ಲೇ ಇದ್ದೆವು, ಮಾವ ಬಾಗಿಲಿಗೆ ಒರಗಿ, ನಾವು ಮಕ್ಕಳು ಒಲೆಯ ಸುತ್ತ. ಯಾರೂ ಕೈ ಹಾಕಲಿಲ್ಲ. ತಟ್ಟೆಯಲ್ಲಿ ಅದು ಸಣ್ಣಗೆ ಸಿಡಿಯುತ್ತಿತ್ತು. ಅದು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಎರಡನೆಯದನ್ನು ಎಣ್ಣೆಗೆ ಬಿಡದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತರು.

ಅಜ್ಜಿ ಕೂತಲ್ಲಿಂದ ಮುಂದಕ್ಕೆ ಜರುಗಿದಳು. ತಟ್ಟೆ ಎಳೆದುಕೊಂಡಳು.

"ಬಿಸಿ ಐತೆ ಕಣವ್ವ, ಆರ್ಲಿ" ಎಂದರು ಮಾವ.

"ನನ್ ಮಗ ಆರ್ಸ್ಕೊಂಡು ತಿಂತಿದ್ನೇ?" ಎಂದಳು ಅಜ್ಜಿ. ಆ ಮನೆಯ ಒಂದು ಗುಟುಕು ನೀರನ್ನೂ ಮುಟ್ಟದಿದ್ದ ಅಜ್ಜಿ ಅದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಬೆಲ್ಲ ನಾಲಿಗೆ ಸುಟ್ಟಿರಬೇಕು, ಕಣ್ಣು ಮುಚ್ಚಿಕೊಂಡಳು. ಆದರೂ ಉಗಿಯಲಿಲ್ಲ. ಪೂರ್ತಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಉಪ್ಪು ಒಂಚೂರು ಕಮ್ಮಿ" ಎಂದಳು.