ಅಣ್ಣನ ಕಾಲಿಗೆ ನಾನಿಟ್ಟ ಪರೀಕ್ಷೆ

ಐವತ್ತರ ದಶಕದ ಕೊನೆಗೆ, ನಮ್ಮೂರು ಮರ್ಕಂಜದಲ್ಲಿ ಸೊಪ್ಪು ಕಡಿಯಲು ಮರ ಹತ್ತಿದ ಅಣ್ಣ ಬೆನ್ನಡಿಯಾಗಿ ಬಿದ್ದ. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಒಂದೆರಡು ತಿಂಗಳು ಕಾಲೆರಡೂ ಬಾಳೆದಿಂಡಿನ ಹಾಗೆ ಬಿದ್ದಿದ್ದವು. ಆಮೇಲೊಂದು ದಿನ ಅತ್ತಿಗೆ ತಣ್ಣೀರಿನ ಬಟ್ಟೆಯಿಂದ ಪಾದ ಒರೆಸುವಾಗ ಬಲಗಾಲು ಛಕ್ಕನೆ ಮಡಚಿಕೊಂಡಿತು.

ಅತ್ತಿಗೆಗೆ ಸಂತೋಷ. ನನಗೆ ಸಂಶಯ. ಬೀಳುವ ಹಿಂದಿನ ವಾರವೇ "ಈ ಸಲ ಗದ್ದೆ ನೀನೇ ಉಳು, ನನಗೆ ಸಾಕಾಯ್ತು" ಎಂದು ಅವನು ಜಗಳವಾಡಿದ್ದ. ಈಗ ಎತ್ತಿನ ಹಿಂದೆ ನಾನೊಬ್ಬನೇ.

ಮಧ್ಯಾಹ್ನ ಅವನು ಗೊರಕೆ ಹೊಡೆಯುತ್ತಿದ್ದಾಗ ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಯೊಂದನ್ನು ಎಳೆದು ಅಂಗಾಲು ಗೀರಿದೆ. ಕಾಲು ಹಿಂದೆ ಸರಿಯಿತು. ಗೊರಕೆ ನಿಲ್ಲಲಿಲ್ಲ. ಗೊರಕೆಯೂ ಕಳ್ಳ ಗೊರಕೆ ಎಂದೇ ತೀರ್ಮಾನಿಸಿದೆ.

ಸಂಜೆ ಕೇಳಿದೆ, "ಅಣ್ಣ, ಕಾಲು ಬರ್ತಾ ಉಂಟಲ್ಲ?"

"ಎಲ್ಲಿ ಬರುದು ಮಾರಾಯ? ಇರುವೆ ಕಚ್ಚಿದ್ರೂ ಗೊತ್ತಾಗುದಿಲ್ಲ."

"ದೈವದ ಎದುರು ಪ್ರಮಾಣ ಮಾಡಿ ಹಾಗೆ ಹೇಳ್ತಿಯಾ?"

ಗಡಿಕಲ್ಲು ಕಿತ್ತವನಿಗೆ ಹೇಳುವ ಮಾತು ಅದು, ಒಡಹುಟ್ಟಿದವನಿಗಲ್ಲ. ಅಣ್ಣ ಹಿಂಜರಿಯಲಿಲ್ಲ. "ಹೇಳ್ತೇನೆ. ಹೊತ್ತುಕೊಂಡು ಹೋಗು."

"ಮೊದ್ಲು ಪುತ್ತೂರಿನ ಡಾಕ್ಟ್ರು ನೋಡ್ಲಿ," ಎಂದು ಅತ್ತಿಗೆ ಅಡ್ಡ ಬಂದರು. "ದೈವ ಎಲ್ಲಿಗೂ ಓಡಿ ಹೋಗುದಿಲ್ಲ."

ಕುರ್ಚಿಗೆ ಬಿದಿರು ಕಟ್ಟಿ ರಸ್ತೆಯವರೆಗೆ ಹೊತ್ತೆವು. ಅಲ್ಲಿಂದ ಜೀಪು. ಡಾಕ್ಟರು ನೋಡಿ ಮುಗಿಸಿದ ಮೇಲೆ ನಾನು ಅವರನ್ನು ಜಗಲಿಗೆ ಕರೆದು ಕಡ್ಡಿಯ ಕಥೆ ಹೇಳಿದೆ.

"ದೈವಕ್ಕೆ ಕೋಳಿ ಕೊಯ್ಯುದು ನೋಡಿದ್ದೀರಾ?"

"ನಾನೇ ಹಿಡಿದುಕೊಡುದು."

"ತಲೆ ಹೋದ ಮೇಲೂ ಓಡ್ತದಲ್ಲ, ಓಡಿಸುದು ಯಾರು?"

ಉತ್ತರವನ್ನೂ ಡಾಕ್ಟರೇ ಕೊಟ್ಟರು.

"ಕಾಲಿನ ಆಟ ಅರ್ಧ ಬೆನ್ನುಹುರಿಯದ್ದೇ. ಹೊರಡು, ನಿಲ್ಲು ಅಂತ ಹೇಳುದು ಮಾತ್ರ ತಲೆ. ಇವರಿಗೆ ನಡುವಿನ ದಾರಿ ತುಂಡಾಗಿದೆ. ನಿಮ್ಮ ಕಡ್ಡಿಯ ಸುದ್ದಿ ಬೆನ್ನುಹುರಿಗೆ ಹೋಯ್ತು, ಕಾಲೆಳೆದುಕೋ ಅಂತ ಅಲ್ಲಿಂದಲೇ ಅಪ್ಪಣೆಯಾಯ್ತು. ಇವರಿಗೆ ಗೊತ್ತೇ ಇಲ್ಲ."

ಡಾಕ್ಟರೂ ಅಣ್ಣನ ಪಕ್ಷವೋ ಎಂದು ಒಂದು ಗಳಿಗೆ ಅನಿಸಿತು. ಆದರೆ ತಲೆ ಹೋದ ಮೇಲೂ ಕೈಯಿಂದ ಜಾರಿ ಅಂಗಳವಿಡೀ ಓಡಿದ ಕೋಳಿಗಳನ್ನು ನಾನೇ ಕಂಡಿದ್ದೆನಲ್ಲ.

ಒಳಗೆ ಹೋಗಿ, "ಪ್ರಮಾಣ ಬೇಡ ಅಣ್ಣ. ಡಾಕ್ಟ್ರು ಹೇಳಿದ್ರು," ಎಂದೆ.

"ನಿನಗೆ ಬೇಡ. ನನಗೆ ಬೇಕು," ಎಂದ. "ನಾನು ಹೇಳಿದ್ದು ಸಾಕಾಗ್ಲಿಲ್ಲ, ಇವತ್ತು ಕಂಡವರು ಹೇಳಿದ್ದು ಸಾಕಾಯ್ತು."

ಮುಂದಿನ ಸಂಕ್ರಮಣಕ್ಕೆ ಕಂಕುಳಿಗೆ ಕೈಕೊಟ್ಟು ಅವನನ್ನು ದೈವದ ಎದುರು ನಿಲ್ಲಿಸಿದೆ. ಪಾದ ನೆಲಕ್ಕೆ ತಾಗಿದ್ದೇ ಕಾಲು ಗಡಗಡ ಕುಣಿಯತೊಡಗಿತು. ಆಗಷ್ಟೇ ಶುರುವಾದ ಅಣ್ಣನ ಪ್ರಮಾಣ ಅರ್ಧಕ್ಕೆ ನಿಂತಿತು.

"ಕಾಲು ಆಡ್ತದಲ್ಲ ಮಾರಾಯ್ರೆ," ಎಂದರು ನೆರೆಮನೆಯವರು.

"ಅದು ಅವ ಆಡಿಸುದಲ್ಲ," ಎಂದೆ. ಕೋಳಿಯ ಲೆಕ್ಕದಲ್ಲಿ ವಿವರಿಸಿದೆ. ಯಾರೂ ನಂಬಲಿಲ್ಲ. ಅಣ್ಣ ಹೇಳಬೇಕಾದ್ದನ್ನು ಪೂರ್ತಿ ಹೇಳಿ ಮುಗಿಸುವವರೆಗೂ ನಾನು ಅವನ ಭಾರ ಬಿಡಲಿಲ್ಲ.